ತಮಿಳು ವಾಕ್ಯವನ್ನು ಬಾಲದಿಂದ ಹಿಡಿಯಬೇಕು

"ಎಂಗ ವೀಟ್ಟುಪ್ ಪಕ್ಕತ್ತುಲ ಇರುಕ್ಕುರ ಕಡೈಯ್ಲ ನೇತ್ತು ವಾಂಗುನ ಅರಿಸಿ ನಲ್ಲಾ ಇಲ್ಲೈನ್ನು ಅಮ್ಮಾ ಸೊನ್ನಾಂಗ."

ಚೆನ್ನೈಯ ಯಾವ ಮನೆಯಲ್ಲಾದರೂ ಕಿವಿಗೆ ಬೀಳಬಹುದಾದ ಆಡುಮಾತು. ಇದರ ಕೆಳಗೆ ಕನ್ನಡ ಬರೆಯುತ್ತಾ ಹೋದರೆ ಪದಕ್ಕೆ ಪದ ಕೂತುಬಿಡುತ್ತದೆ: "ನಮ್ಮ ಮನೆ ಪಕ್ಕದಲ್ಲಿ ಇರೋ ಅಂಗಡೀಲಿ ನಿನ್ನೆ ತಗೊಂಡ ಅಕ್ಕಿ ಚೆನ್ನಾಗಿ ಇಲ್ಲ ಅಂತ ಅಮ್ಮ ಹೇಳಿದ್ರು." ಒಂದನ್ನೂ ಅತ್ತಿತ್ತ ಸರಿಸಬೇಕಿಲ್ಲ. ಅದೇ ಮಾತು ಇಂಗ್ಲಿಷಿನಲ್ಲಿ: "ಅಮ್ಮ ಸೆಡ್ ದಟ್ ದ ರೈಸ್ ವಿ ಬಾಟ್ ಯೆಸ್ಟರ್‌ಡೇ ಅಟ್ ದ ಶಾಪ್ ದಟ್ ಈಸ್ ನೆಕ್ಸ್ಟ್ ಟು ಅವರ್ ಹೌಸ್ ಈಸ್ ನಾಟ್ ಗುಡ್."

ಇಂಗ್ಲಿಷ್ ವಾಕ್ಯದ "ಅವರ್ ಹೌಸ್" ಮೇಲೆ ಬೆರಳಿಟ್ಟು ಎಡಕ್ಕೆ ಓದಿಕೊಂಡು ಬನ್ನಿ. ದ, ದಟ್, ವಿ ಇವನ್ನು ಸದ್ಯಕ್ಕೆ ಬಿಡಿ. ಅವರ್ ಹೌಸ್, ನೆಕ್ಸ್ಟ್ ಟು, ಈಸ್, ಶಾಪ್, ಅಟ್, ಯೆಸ್ಟರ್‌ಡೇ, ಬಾಟ್, ರೈಸ್. ತಮಿಳಿನ ಸಾಲನ್ನು ಬಲಕ್ಕೆ ಓದಿದರೆ ಎಂಗ ವೀಟ್ಟು, ಪಕ್ಕತ್ತುಲ, ಇರುಕ್ಕುರ, ಕಡೈ, -ಲ, ನೇತ್ತು, ವಾಂಗುನ, ಅರಿಸಿ. ಎದುರಿಗೆ ಕನ್ನಡಿ ಹಿಡಿದ ಹಾಗಿದೆ. ಉಳಿದ ಭಾಗವೂ ಅಷ್ಟೇ: ಅಲ್ಲಿ "ಸೆಡ್, ದಟ್, ನಾಟ್, ಗುಡ್", ಇಲ್ಲಿ "ನಲ್ಲಾ, ಇಲ್ಲೈ, -ನ್ನು, ಸೊನ್ನಾಂಗ".

ತಿರುಗದೆ ಉಳಿದದ್ದು ಎರಡೇ ಬಗೆ. ಅಮ್ಮ "ಹೇಳಿದ್ರು" ಎಂಬುದಕ್ಕಿಂತ ಮುಂಚೆ, ಅಕ್ಕಿ "ಚೆನ್ನಾಗಿಲ್ಲ" ಎಂಬುದಕ್ಕಿಂತ ಮುಂಚೆ. ಅಂದರೆ ಕರ್ತೃಪದ ಎರಡೂ ಭಾಷೆಗಳಲ್ಲಿ ತನ್ನ ಕ್ರಿಯೆಗಿಂತ ಮೊದಲೇ ಬರುತ್ತದೆ. ಹಾಗೆಯೇ "ನಮ್ಮ ಮನೆ", "ದೊಡ್ಡ ಮನೆ", "ಎರಡು ಮನೆ" ಥರದ ಸಣ್ಣ ಜೋಡಿಗಳು ಎರಡರಲ್ಲೂ ಒಂದೇ. ಪೆರಿಯ ವೀಡು, ಬಿಗ್ ಹೌಸ್. ಈ ಎರಡನ್ನು ಕಟ್ಟಿ ಪಕ್ಕಕ್ಕಿಟ್ಟರೆ ಉಳಿದದ್ದೆಲ್ಲ ಒಂದೇ ಸೂತ್ರಕ್ಕೆ ಬಗ್ಗುತ್ತದೆ: ತಮಿಳಿನಲ್ಲಿ ಯಜಮಾನ ಪದ, ಅಂದರೆ ಉಳಿದವು ನೆಚ್ಚಿಕೊಂಡಿರುವ ಪದ, ಕೊನೆಗೆ, ಅವಲಂಬಿತರು ಮುಂಚೆ. ಇಂಗ್ಲಿಷಿನಲ್ಲಿ ಯಜಮಾನ ಮೊದಲು, ಪರಿವಾರ ಹಿಂದೆ.

ಪಾಠಪುಸ್ತಕಗಳು ಇದನ್ನು "ತಮಿಳಿನಲ್ಲಿ ಕರ್ತೃ-ಕರ್ಮ-ಕ್ರಿಯೆ, ಇಂಗ್ಲಿಷಿನಲ್ಲಿ ಕರ್ತೃ-ಕ್ರಿಯೆ-ಕರ್ಮ" ಎಂದು ಒಂದು ಸಾಲಿನಲ್ಲಿ ಮುಗಿಸುತ್ತವೆ. ತಪ್ಪಲ್ಲ, ಆದರೆ ಮೂರು ಪದದ ವಾಕ್ಯ ದಾಟಿದ ಕೂಡಲೇ ಕಲಿಯುವವರ ಕೈಬಿಡುತ್ತದೆ. ಕ್ರಿಯಾಪದ ಕೊನೆಗೆ ಹೋಗುವುದಕ್ಕೂ, "ಇನ್", "ಟು", "ಫ್ರಂ" ನಾಮಪದದ ಹಿಂದೆ ಪ್ರತ್ಯಯವಾಗಿ ಅಂಟುವುದಕ್ಕೂ, "ಹೂ", "ವಿಚ್" ಮಾಯವಾಗಿ ಇಡೀ ಉಪವಾಕ್ಯ ನಾಮಪದದ ಮುಂದೆ ಬಂದು ಕೂರುವುದಕ್ಕೂ ಕಾರಣ ಒಂದೇ ಎಂದು ಹೇಳಿಕೊಟ್ಟರೆ ಅರ್ಧ ಕಷ್ಟ ಇಳಿಯುತ್ತದೆ. ಇವೆಲ್ಲ ಒಟ್ಟೊಟ್ಟಿಗೇ ಓಡಾಡುತ್ತವೆ ಎಂಬುದನ್ನು ಭಾಷೆಗಳನ್ನು ಹೋಲಿಸಿ ತೋರಿಸಿದವರು ಅಮೆರಿಕದ ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್. 1963ರಲ್ಲಿ ಪ್ರಕಟವಾದ ಅವರ ಲೇಖನ 30 ಭಾಷೆಗಳನ್ನು ಆಧಾರವಾಗಿಟ್ಟುಕೊಂಡು 45 ಸಾಮಾನ್ಯ ನಿಯಮಗಳನ್ನು ಮುಂದಿಟ್ಟಿತು. ಆ 30ರಲ್ಲಿ ದ್ರಾವಿಡ ಬಳಗದ ಪ್ರತಿನಿಧಿ ತಮಿಳಲ್ಲ, ಕನ್ನಡ.

ಕನ್ನಡಿಗರು ತಮಿಳು ಕಲಿಯಲು ಇಂಗ್ಲಿಷ್ ಪುಸ್ತಕ ಇಲ್ಲವೇ ಆ್ಯಪ್ ಹಿಡಿಯುವುದು ಹಾಗಾಗಿ ವಿಚಿತ್ರವಾದ ಸುತ್ತುದಾರಿ. ತಲೆಯಲ್ಲಿದ್ದ ಕನ್ನಡವನ್ನು ಒಮ್ಮೆ ತಿರುಗಿಸಿ ಇಂಗ್ಲಿಷ್ ಮಾಡಿ, ಅದನ್ನು ಮತ್ತೆ ತಿರುಗಿಸಿ ತಮಿಳು ಮಾಡಿದರೆ ಹೊರಟ ಜಾಗಕ್ಕೇ ಬಂದು ನಿಲ್ಲುತ್ತೀರಿ, ದಾರಿಯಲ್ಲಿ ನಾಲ್ಕು ಪದ ಉದುರಿರುತ್ತವೆ ಅಷ್ಟೆ. ಆದರೆ ಇಂಗ್ಲಿಷ್ ಮಾತಾಡುವಾಗ ತಮಿಳರೂ ನಾವೂ ಒಂದೇ ಕಡೆ ಎಡವುತ್ತೇವೆ. ಎಲ್ಲೆಲ್ಲಿ ಎಂಬುದನ್ನು ನೋಡುವುದು ಎರಡು ದಿಕ್ಕಿಗೂ ಉಪಯೋಗ.

ಬಾಲದಿಂದಲೇ ಶುರು ಮಾಡೋಣ. "ಹಿ ಮೈಟ್ ಹ್ಯಾವ್ ಬೀನ್ ಗೋಯಿಂಗ್." ನಾಲ್ಕು ಕ್ರಿಯಾರೂಪಗಳು ಸಾಲಾಗಿ ನಿಂತಿವೆ. ತಮಿಳಿನಲ್ಲಿ "ಅವನ್ ಪೋಯ್ಕ್ಕಿಟ್ಟು ಇರುಂದಿರುಕ್ಕಲಾಂ". ಬಿಡಿಸಿದರೆ ಪೋಯ್ಕ್ಕಿಟ್ಟು ಎಂದರೆ ಗೋಯಿಂಗ್, ಇರುಂದ್- ಎಂದರೆ ಬೀನ್, -ಇರುಕ್ಕ- ಎಂದರೆ ಹ್ಯಾವ್, -ಲಾಂ ಎಂದರೆ ಮೈಟ್. ನಾಲ್ಕೂ ತಲೆಕೆಳಗು, ನಡುವೆ ಒಂದೂ ಜಾಗ ಬದಲಿಸಿಲ್ಲ. ಕನ್ನಡದ "ಹೋಗ್ತಾ ಇದ್ದಿರಬಹುದು" ಕೂಡ ಹೀಗೇ. ಇಂಗ್ಲಿಷಿನಿಂದ ಬಂದವರು ತಮಿಳಿನ ಉದ್ದನೆಯ ಕ್ರಿಯಾಪದ ಕಂಡು ಹೆದರುವುದು ಅದನ್ನು ಒಂದೇ ಪದವೆಂದು ಬಾಯಿಪಾಠ ಮಾಡಲು ಹೋಗಿ. ತುದಿಯಿಂದ ಒಂದೊಂದೇ ಕಳಚಿ ಓದಿದರೆ ಅದು ಇಂಗ್ಲಿಷಿನ ಸಹಾಯಕ ಕ್ರಿಯಾಪದಗಳ ಸಾಲೇ.

ತುಂಬ ಹೊತ್ತು ನಿಲ್ಲಬೇಕಾದ ಜಾಗ ತಮಿಳು ವ್ಯಾಕರಣ ಪೆಯರೆಚ್ಚಂ ಎಂದು ಕರೆಯುವ ರೂಪ, ನಮ್ಮ "ಬಂದ ಹುಡುಗ" ಎಂಬುದರಲ್ಲಿನ "ಬಂದ". ನರುಕ್ಕುನ (ಹೆಚ್ಚಿದ) ಎಂಬ ಒಂದೇ ರೂಪ ತೆಗೆದುಕೊಳ್ಳಿ. "ಕಾಯ್ ನರುಕ್ಕುನ ಅಮ್ಮಾ" ಎಂದರೆ ತರಕಾರಿ ಹೆಚ್ಚಿದ ಅಮ್ಮ. "ಅಮ್ಮಾ ನರುಕ್ಕುನ ಕಾಯ್" ಅಮ್ಮ ಹೆಚ್ಚಿದ ತರಕಾರಿ. "ಅಮ್ಮಾ ಕಾಯ್ ನರುಕ್ಕುನ ಕತ್ತಿ" ಅಮ್ಮ ತರಕಾರಿ ಹೆಚ್ಚಿದ ಚಾಕು. ಕ್ರಿಯಾರೂಪ ಮೂರರಲ್ಲೂ ಅದೇ. ಮುಂದೆ ಬರುವ ನಾಮಪದ ಮಾಡಿದವರೋ, ಮಾಡಿಸಿಕೊಂಡದ್ದೋ, ಬಳಸಿದ ಉಪಕರಣವೋ ಎಂಬುದನ್ನು ಕೇಳುವವರು ಲೋಕಜ್ಞಾನದಿಂದ ತಿಳಿದುಕೊಳ್ಳುತ್ತಾರೆ. ಇಂಗ್ಲಿಷ್ ಹಾಗೆ ಬಿಡುವುದಿಲ್ಲ. ಮೊದಲನೆಯದಕ್ಕೆ "ಹೂ" ಬೇಕು, ಎರಡನೆಯದಕ್ಕೆ "ವಿಚ್" ಇದ್ದರೂ ಸರಿ, ಬಿಟ್ಟರೂ ಸರಿ, ಮೂರನೆಯದಕ್ಕೆ ವಾಕ್ಯದ ತುದಿಯಲ್ಲಿ ಒಂಟಿಯಾಗಿ ಒಂದು "ವಿತ್" ನಿಲ್ಲಬೇಕು: "ದ ನೈಫ್ ಶಿ ಕಟ್ ದ ವೆಜಿಟಬಲ್ಸ್ ವಿತ್".

ಆ ಒಂಟಿ ಪದ ನಮ್ಮ ಬಾಯಲ್ಲಿ ಜಾರಿಹೋಗುತ್ತದೆ. "ದ ಹೌಸ್ ವಿಚ್ ಐ ಆಮ್ ಲಿವಿಂಗ್" ಎನ್ನುತ್ತೇವೆ, ತುದಿಯ "ಇನ್" ಮರೆತು. "ನಾನ್ ಇರುಕ್ಕುರ ವೀಡು", "ನಾನು ಇರೋ ಮನೆ" ಎಂಬಲ್ಲಿ "ಅಲ್ಲಿ" ಎಂಬ ಪ್ರತ್ಯಯಕ್ಕೆ ಜಾಗವೇ ಇಲ್ಲದ್ದರಿಂದ ಅದು ಇಂಗ್ಲಿಷಿನಲ್ಲಿ ಬೇಕಾದೀತು ಎಂಬ ನೆನಪೇ ಬರುವುದಿಲ್ಲ. ಪರೀಕ್ಷೆ ಸುಲಭ: ಉಪವಾಕ್ಯವನ್ನು ಬಿಡಿ ವಾಕ್ಯವಾಗಿ ಹೇಳಿ ನೋಡಿ. "ಐ ಆಮ್ ಲಿವಿಂಗ್ ಇನ್ ದ ಹೌಸ್" ಎಂಬುದರಲ್ಲಿ "ಇನ್" ಇದೆ ಅಂದಮೇಲೆ ಅದು ಎಲ್ಲೋ ಒಂದು ಕಡೆ ಉಳಿಯಲೇಬೇಕು.

ಈ ರೂಪಕ್ಕೂ ಮಿತಿಯಿದೆ. "ನಾನ್ ವಂದ ಬಸ್" ಆಗುತ್ತದೆ, "ನಾನು ಬಂದ ಬಸ್". ಆದರೆ "ಯಾರ ಜೊತೆ ಬಂದೆನೋ ಆ ಮನುಷ್ಯ" ಎಂಬ ಅರ್ಥದಲ್ಲಿ "ನಾನ್ ವಂದ ಆಳ್" ನಡೆಯುವುದಿಲ್ಲ. ತಿರುಗಿಸಿ "ಎಂಗೂಡ ವಂದ ಆಳ್", ನನ್ನ ಜೊತೆ ಬಂದವನು, ಎನ್ನಬೇಕು. ಇಂಗ್ಲಿಷ್ ಮನೆಮಾತಿನವರು "ದ ಮ್ಯಾನ್ ವಿತ್ ಹೂಂ ಐ ಕೇಮ್" ಎಂಬುದನ್ನು ಹಾಗೇ ಇಳಿಸಲು ಹೋಗಿ ಸಿಕ್ಕಿಬೀಳುವುದು ಇಲ್ಲೇ.

ಇನ್ನು ಸರಪಳಿ ವಾಕ್ಯ. "ಎಂದಿರಿಚ್ಚು, ಕುಳಿಚ್ಚು, ಸಾಪ್ಟುಟ್ಟುಪ್ ಪೋನಾನ್." ಎದ್ದು, ಸ್ನಾನ ಮಾಡಿ, ತಿಂದು ಹೋದ. ಒಂದು ವಾಕ್ಯಕ್ಕೆ ಪೂರ್ಣ ಕ್ರಿಯಾಪದ ಒಂದೇ, ಅದೂ ಕೊನೆಯಲ್ಲಿ. ಕಾಲ, ಪುರುಷ, ವಚನ ಎಲ್ಲವೂ ಆ "ಪೋನಾನ್" ಹೆಗಲ ಮೇಲೆ. ಇಂಗ್ಲಿಷಿನಲ್ಲಿ ನಾಲ್ಕೂ ಪೂರ್ಣ ಕ್ರಿಯಾಪದಗಳು, ಕೊನೆಯದಕ್ಕಿಂತ ಮುಂಚೆ ಒಂದು "ಆ್ಯಂಡ್". ಆ "ಆ್ಯಂಡ್" ಅನ್ನು ತಮಿಳಿಗೆ ತಂದು "ಎಂದಿರಿಚ್ಚಾನ್ ಮಟ್ರುಂ ಕುಳಿಚ್ಚಾನ್" ಎಂದರೆ ತಮಿಳರು ನಕ್ಕುಬಿಡುತ್ತಾರೆ. ನಾವು ಹೆಚ್ಚು ನಗುವ ಹಾಗಿಲ್ಲ. ಸರಕಾರಿ ಸುತ್ತೋಲೆಗಳ ಕನ್ನಡದಲ್ಲಿ "ಮತ್ತು" ಹಾಕಿ ಕ್ರಿಯಾಪದಗಳನ್ನು ಹೊಲಿಯುವ ಚಟ ಇದೇ ರೋಗ.

ಸರಪಳಿಗೆ ಒಂದು ಕಟ್ಟುಪಾಡು: ಎಲ್ಲ ಕೊಂಡಿಗೂ ಕರ್ತೃ ಒಬ್ಬನೇ ಆಗಿರಬೇಕು. "ನಾನ್ ವಂದು ಅವನ್ ಪೋನಾನ್" ಕಿವಿಗೆ ಹಿಡಿಸದು, "ನಾನ್ ವಂದಪ್ಪುರಂ ಅವನ್ ಪೋನಾನ್" ಸರಿ. ಒಂದು ಇನ್ನೊಂದಕ್ಕೆ ನೇರ ಕಾರಣವಾದಾಗ ಮಾತ್ರ ಸಡಿಲಿಕೆ: ಮಳೆ ಬಂದು ಹೊಳೆ ತುಂಬಿತು ಎಂದು ನಾವು ಹೇಳುವುದಿಲ್ಲವೇ, ಹಾಗೆ.

ಯಾರೋ ಹೇಳಿದ್ದನ್ನು ತಿಳಿಸುವಾಗ ದಿಕ್ಕಷ್ಟೇ ಅಲ್ಲ, ಪುರುಷವೂ ಬದಲಾಗುತ್ತದೆ. "ಅವನ್ ವರ್ರೇನ್ನು ಸೊನ್ನಾನ್", ಅವನು ಬರ್ತೀನಿ ಅಂತ ಹೇಳಿದ. ಅವನ ಬಾಯಿಂದ ಬಂದ "ಬರ್ತೀನಿ" ಹಾಗೇ ಉಳಿದು, ಹಿಂದೆ -ನ್ನು ಎಂಬ ಕೊಕ್ಕೆ ಸಿಕ್ಕಿಸಿದೆ. ಇಂಗ್ಲಿಷಿನಲ್ಲಿ "ಹಿ ಸೆಡ್ ಹಿ ವಾಸ್ ಕಮಿಂಗ್". "ಐ" ಹೋಗಿ "ಹಿ" ಆಯಿತು, "ಆಮ್" ಹೋಗಿ "ವಾಸ್" ಆಯಿತು. "ಹಿ ಟೋಲ್ಡ್ ಐ ಆಮ್ ಕಮಿಂಗ್" ಎಂಬ ದಕ್ಷಿಣ ಭಾರತದ ಇಂಗ್ಲಿಷ್ ಹುಟ್ಟುವುದು ಇಲ್ಲಿಂದ. ಎದುರು ದಿಕ್ಕಿನ ತಪ್ಪು ಇನ್ನೂ ಅಪಾಯದ್ದು: ಇಂಗ್ಲಿಷಿನವರು ನಿಯತ್ತಾಗಿ "ಅವನ್ ವರ್ರಾನ್ನು ಸೊನ್ನಾನ್" ಎಂದರೆ ಬೇರೆ ಯಾರೋ ಬರುತ್ತಾನೆ ಎಂದು ಕೇಳುವವರು ತಿಳಿಯುವ ಸಂಭವವೇ ಹೆಚ್ಚು. ಇಂಗ್ಲಿಷಿನ "ದಟ್" ಬಿಟ್ಟರೂ ನಡೆಯುತ್ತದೆ, ತಮಿಳಿನ -ನ್ನು ಬಿಟ್ಟರೆ ವಾಕ್ಯ ಎರಡು ತುಂಡು.

"ಇಫ್", "ಬಿಕಾಸ್" ಇವೂ ಹಾಗೇ ತುದಿಗೆ ಹೋಗುತ್ತವೆ. ಮಳೈ ಪೆಞ್ಜಾ, ಮಳೆ ಬಂದರೆ. ಮಳೈ ಪೆಞ್ಜದಾಲ, ಮಳೆ ಬಂದದ್ದರಿಂದ. ಇಂಗ್ಲಿಷ್ ಕೇಳುವವನಿಗೆ ಷರತ್ತು ಬರುತ್ತಿದೆ ಎಂದು ಮೊದಲ ಪದದಲ್ಲೇ ಗೊತ್ತಾಗುತ್ತದೆ, ತಮಿಳು ಕೇಳುವವನು ತುಂಡು ಮುಗಿಯುವವರೆಗೆ ಕಾಯಬೇಕು. ಹೊಸಬರಿಗೆ ಇಲ್ಲೊಂದು ಕಳ್ಳದಾರಿ ಇದೆ. ಆಡುಮಾತಿನ "ಏನ್ನಾ", ನಮ್ಮ "ಯಾಕಂದ್ರೆ". "ನಾನ್ ಪೋಗಲೈ, ಏನ್ನಾ ಒಡಂಬು ಸರಿಯಿಲ್ಲೈ" ಎಂದರೆ ಇಂಗ್ಲಿಷಿನ ಕ್ರಮವೂ ಉಳಿಯಿತು, ತಮಿಳೂ ಕೆಡಲಿಲ್ಲ. ಧೈರ್ಯ ಬರುವವರೆಗೆ ಇದನ್ನು ಧಾರಾಳವಾಗಿ ಬಳಸಬಹುದು.

ಸಿನಿಮಾ ನೋಡಿ ತಮಿಳು ಕಲಿಯುವವರು ಇಂಗ್ಲಿಷ್ ಉಪಶೀರ್ಷಿಕೆಗಳ ಬಗ್ಗೆ ಸ್ವಲ್ಪ ಎಚ್ಚರವಾಗಿರುವುದು ಒಳ್ಳೆಯದು. ನಟ ಕ್ರಿಯಾಪದ ಇನ್ನೂ ಬಾಯಲ್ಲೇ ಇಟ್ಟುಕೊಂಡಿರುವಾಗ ಪರದೆಯ ಕೆಳಗೆ ಅದು ಎರಡನೆಯ ಪದವಾಗಿ ಬಂದುಬಿಟ್ಟಿರುತ್ತದೆ. ನಗೆಮಾತಿನ ಪಂಚ್ ಹಾಳಾಗುವುದು ಒಂದು ಕಡೆ, ಕೇಳಿದ ಪದಕ್ಕೂ ಓದಿದ ಪದಕ್ಕೂ ತಪ್ಪು ಗಂಟು ಬೀಳುವುದು ಇನ್ನೊಂದು ಕಡೆ. ಉದ್ದದ ಸಂಭಾಷಣೆಯನ್ನು ಒಮ್ಮೆ ಉಪಶೀರ್ಷಿಕೆ ಮುಚ್ಚಿ ಕೇಳಿ, ಆಮೇಲೆ ಓದುವುದು ವಾಸಿ.

ಪ್ರಶ್ನೆಗಳಲ್ಲಿ ತಮಿಳಿನವರಿಗೆ ಇಂಗ್ಲಿಷ್ ಎರಡು ಕೆಲಸ ಹೇಳುತ್ತದೆ. "ನೀ ಎಂಗ ಪೋರೇ?" ಎಂಬಲ್ಲಿ "ಎಂಗ" ಉತ್ತರ ಎಲ್ಲಿ ಬರುತ್ತದೋ ಅಲ್ಲೇ ಕೂತಿದೆ: ನೀ ಮದುರೈಕ್ಕುಪ್ ಪೋರೇ. ಇಂಗ್ಲಿಷಿನಲ್ಲಿ "ವೇರ್" ಮುಂದಕ್ಕೆ ಬರಬೇಕು, ಅದರ ಜೊತೆ "ಆರ್" ಕೂಡ "ಯು" ದಾಟಿ ಬರಬೇಕು. ಮೊದಲನೆಯದನ್ನಷ್ಟೇ ಮಾಡಿದರೆ "ವೇರ್ ಯು ಆರ್ ಗೋಯಿಂಗ್?". ಅದನ್ನು ತಿದ್ದಿಸಿಕೊಂಡವರು ಮುಂದೆ "ಟೆಲ್ ಮಿ ವೇರ್ ಆರ್ ಯು ಗೋಯಿಂಗ್" ಎನ್ನುತ್ತಾರೆ. ಪ್ರಶ್ನೆ ಇನ್ನೊಂದು ವಾಕ್ಯದ ಹೊಟ್ಟೆಯೊಳಗಿದ್ದಾಗ ಎರಡನೆಯ ಕೆಲಸ ರದ್ದು ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ.

ಹೌದು-ಅಲ್ಲ ಪ್ರಶ್ನೆಯ -ಆ ಮಾತ್ರ ತಮಿಳಿನ ದೊಡ್ಡ ಸೌಕರ್ಯ. "ನೀ ನೇತ್ತು ವಂದಿಯಾ?" ಬಂದೆಯಾ ಇಲ್ಲವಾ. "ನೀ ನೇತ್ತಾ ವಂದೇ?" ನಿನ್ನೆಯಾ ಬೇರೆ ದಿನವಾ. ಸಂಶಯ ಯಾವ ಪದದ ಮೇಲೋ -ಆ ಅದರ ಬಾಲಕ್ಕೆ. ಎರಡನೆಯದನ್ನು ಕನ್ನಡದಲ್ಲಿ ನಾವು ಹೆಚ್ಚಾಗಿ "ನೀನು ನಿನ್ನೆನಾ ಬಂದಿದ್ದು?" ಎಂದು ಕ್ರಿಯಾಪದವನ್ನು ಬದಲಿಸಿ ಕೇಳುತ್ತೇವೆ, ತಮಿಳಿಗೆ ಅದರ ಅಗತ್ಯ ಬೀಳುವುದಿಲ್ಲ. ಇಂಗ್ಲಿಷ್ ಒಂದೋ ದನಿಯೇರಿಸಬೇಕು, ಇಲ್ಲವೇ "ವಾಸ್ ಇಟ್ ಯೆಸ್ಟರ್‌ಡೇ ದಟ್ ಯು ಕೇಮ್" ಎಂದು ಸುತ್ತಿ ಬರಬೇಕು. ಒತ್ತು ಕೊಡುವ -ದಾನ್ ಕೂಡ ಪದದ ಹಿಂದೆ ಅಂಟುವಂಥದ್ದೇ. ನೇತ್ತುದಾನ್ ವಂದೇನ್. ಅದು ಇಂಗ್ಲಿಷಿಗೆ ಹೋಗಿ "ಐ ಕೇಮ್ ಯೆಸ್ಟರ್‌ಡೇ ಓನ್ಲಿ" ಆಗಿದೆ. ಇದನ್ನು ತಪ್ಪೆನ್ನುವುದಕ್ಕಿಂತ ಭಾರತದ ಇಂಗ್ಲಿಷಿನ ಒಂದು ರೀತಿ ಎಂದು ಒಪ್ಪಿಕೊಂಡರೆ ನನ್ನದೇನೂ ತಕರಾರಿಲ್ಲ. ಹೊರದೇಶದವರಿಗೆ ಬರೆಯುವ ಪತ್ರದಲ್ಲಿ ಮಾತ್ರ ತೆಗೆದುಬಿಡಬೇಕು.

ತಮಿಳಿನಲ್ಲಿ ಪದಗಳನ್ನು ಹೇಗೆ ಬೇಕಾದರೂ ಜೋಡಿಸಬಹುದು ಎಂಬ ಮಾತು ಚಾಲ್ತಿಯಲ್ಲಿದೆ. ಅರ್ಧ ಸತ್ಯ. "ಪೂನೈ ನಾಯೈಕ್ ಕಡಿಚ್ಚುದು", "ನಾಯೈಪ್ ಪೂನೈ ಕಡಿಚ್ಚುದು" ಎರಡರಲ್ಲೂ ಕಚ್ಚಿದ್ದು ಬೆಕ್ಕೇ. ಕಚ್ಚಿಸಿಕೊಂಡದ್ದು ಯಾರು ಎಂದು -ಐ ಪ್ರತ್ಯಯ ಹೇಳುತ್ತದೆ, ಜಾಗ ಅಲ್ಲ. ಇಂಗ್ಲಿಷಿನಲ್ಲಿ "ಕ್ಯಾಟ್", "ಡಾಗ್" ಜಾಗ ಬದಲಿಸಿದರೆ ಕಚ್ಚಿದವರೇ ಬದಲಾಗುತ್ತಾರೆ. (ಪೂನೈ ಎಂಬ ಪದವೇ -ಐನಲ್ಲಿ ಮುಗಿಯುವುದರಿಂದ ಹೊಸಬರು ಅದನ್ನೇ ಕರ್ಮಪದ ಅಂದುಕೊಳ್ಳುವುದುಂಟು. ಅದಕ್ಕೆ ಪ್ರತ್ಯಯ ಸೇರಿದರೆ ಪೂನೈಯೈ.) ಆದರೆ ಇಂಥದ್ದೇ ಎಂದು ಗೊತ್ತುಮಾಡದ ಜಡವಸ್ತುವಿಗೆ -ಐ ಹಚ್ಚದೆಯೂ ಇರಬಹುದು: ನಾನ್ ಪುಸ್ತಗಂ ಪಡಿಚ್ಚೇನ್. ಆಗ ಅದು ಕ್ರಿಯಾಪದದ ಪಕ್ಕ ಬಿಟ್ಟು ಕದಲುವುದಿಲ್ಲ. ಪ್ರತ್ಯಯ ಹೊತ್ತವರಿಗಷ್ಟೇ ಓಡಾಡುವ ಸ್ವಾತಂತ್ರ್ಯ.

ಮಾತಿನಲ್ಲಿ ಕ್ರಿಯಾಪದ ಆದಮೇಲೂ ಪದ ಬರುತ್ತದೆ. "ವಂದುಟ್ಟಾನ್ ಅವನ್", "ಎಂಗ ಪೋರೇ ನೀ?" ಇದನ್ನು ಕೇಳಿ ಸೂತ್ರವೇ ಸುಳ್ಳು ಅಂದುಕೊಳ್ಳಬೇಡಿ. ಅಲ್ಲಿ ಕೂರುವುದು ಇಬ್ಬರಿಗೂ ಮೊದಲೇ ಗೊತ್ತಿರುವ ಸಂಗತಿ, ಹೇಳುವಾಗ ದನಿಯೂ ಇಳಿದಿರುತ್ತದೆ. ಹೊಸ ಸುದ್ದಿಯ ಜಾಗ ಕ್ರಿಯಾಪದದ ಒತ್ತಿನ ಎಡಗಡೆ.

ಕಾಲ, ಸ್ಥಳಗಳಲ್ಲೂ ಅದೇ ಕನ್ನಡಿ. "ನಾಳೈಕ್ಕು ಬಸ್ಸುಲ ಮದುರೈಕ್ಕುಪ್ ಪೋರೇನ್" ಎಂಬುದು "ಐ ಆಮ್ ಗೋಯಿಂಗ್ ಟು ಮದುರೈ ಬೈ ಬಸ್ ಟುಮಾರೋ". ಹೆಸರುಗಳೂ ಹೊರತಲ್ಲ. 2021ರ ಮೇ 7ರಂದು ತಮಿಳುನಾಡಿನ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ ಸ್ಟಾಲಿನ್ ಶುರು ಮಾಡಿದ್ದು "ಮುತ್ತುವೇಲ್ ಕರುಣಾನಿಧಿ ಸ್ಟಾಲಿನ್ ಎನುಂ ನಾನ್" ಎಂದು. ಅಜ್ಜ, ಅಪ್ಪ, ತಾನು, ಕಟ್ಟಕಡೆಗೆ "ನಾನ್". ಸಂವಿಧಾನದ ಇಂಗ್ಲಿಷ್ ಪ್ರಮಾಣವಚನ "ಐ" ಎಂದೇ ಆರಂಭವಾಗಿ ಹೆಸರು ಆಮೇಲೆ ಬರುತ್ತದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಊರು, ತಂದೆ, ಆಮೇಲೆ ತನ್ನ ಹೆಸರು ಬರುವುದೂ ಇದೇ ಕ್ರಮ. ಪಾಸ್‌ಪೋರ್ಟ್ ಅರ್ಜಿಯ "ಸರ್‌ನೇಮ್" ಖಾನೆಯ ಮುಂದೆ ತಮಿಳರೂ ಕನ್ನಡಿಗರೂ ತಲೆ ಕೆರೆದುಕೊಳ್ಳುವುದು ಸುಮ್ಮನೆ ಅಲ್ಲ.

ಕನ್ನಡದವರು ತಮಿಳು ಅಭ್ಯಾಸ ಮಾಡುವ ನೇರ ದಾರಿ ಇದು. ದಿನಬಳಕೆಯ ಒಂದು ಕನ್ನಡ ವಾಕ್ಯ ಬರೆದುಕೊಳ್ಳಿ, ಪುಸ್ತಕದ ಕನ್ನಡ ಬೇಡ. ಕ್ರಮ ಮುಟ್ಟದೆ ಪ್ರತ್ಯಯಗಳನ್ನು ಒಂದೊಂದಾಗಿ ಬದಲಿಸಿ: -ಗೆ ಇದ್ದಲ್ಲಿ -ಕ್ಕು, -ಅಲ್ಲಿ ಇದ್ದಲ್ಲಿ -ಲ, ಅಂತ ಇದ್ದಲ್ಲಿ -ನ್ನು, -ಬೇಕು ಇದ್ದಲ್ಲಿ -ಣುಂ, -ಕೊಂಡು ಇದ್ದಲ್ಲಿ -ಕ್ಕಿಟ್ಟು. ಧಾತುಗಳನ್ನು ಆಮೇಲೆ ತುಂಬಿ. ಇಂಗ್ಲಿಷಿನಿಂದ ಬರುವವರಾದರೆ ಮೊದಲು ಮುಖ್ಯ ಕ್ರಿಯಾಪದಕ್ಕೆ ಗೆರೆ ಹಾಕಿ ಹಾಳೆಯ ಬಲತುದಿಯಲ್ಲಿ ಬರೆಯಬೇಕು, ಕರ್ತೃವನ್ನು ಎಡತುದಿಯಲ್ಲಿ. ನಡುವಿನದನ್ನು ಬಲದಿಂದ ಎಡಕ್ಕೆ ತುಂಬುತ್ತಾ ಬರಬೇಕು, "ಹೂ", "ವಿಚ್" ಸಿಕ್ಕಲ್ಲೆಲ್ಲ ಅದನ್ನು ಹೊಡೆದುಹಾಕಿ ಪೆಯರೆಚ್ಚಂ ಮಾಡಬೇಕು.

ಕನ್ನಡವನ್ನು ಪೂರ್ತಿ ನಂಬಿ ಹೋದರೆ ಗುಂಡಿಗೆ ಬೀಳುವ ಕೆಲವು ಜಾಗಗಳೂ ಇವೆ. ನಮ್ಮ -ಇಂದ ತಮಿಳಿನಲ್ಲಿ ಎರಡಾಗಿ ಒಡೆಯುತ್ತದೆ: ಊರಿಂದ ಬಂದೆ ಎಂಬುದಕ್ಕೆ -ಲೇರುಂದು, ಮಳೆಯಿಂದ ಹಾಳಾಯಿತು ಎಂಬುದಕ್ಕೆ -ಆಲ. "ರಾಮನಿಗಿಂತ ಸೀತೆ ಎತ್ತರ" ಎಂಬುದು "ರಾಮನೈ ವಿಡ ಸೀತೈ ಉಯರಂ", ಅಂದರೆ ಅಲ್ಲಿ -ಗೆ ಅಲ್ಲ, -ಐ. "ಹೋಗಬಹುದು" ಎಂಬರ್ಥದ "ಪೋಲಾಂ" ತಮಿಳಿನಲ್ಲಿ "ಹೋಗೋಣ" ಕೂಡ ಆಗುತ್ತದೆ, ಆಟೋದಲ್ಲಿ ಕೂತು ಅದನ್ನು ಕೇಳಿದರೆ ಅದು ಅನುಮತಿಯ ವಿಷಯವಲ್ಲ. ನಮಗೆ "ಬರುವ", "ಬಂದ" ಎರಡೇ ಇದ್ದಲ್ಲಿ ತಮಿಳು ವರ್ರ, ವಂದ, ವರುಂ ಎಂದು ಮೂರು ಇಟ್ಟುಕೊಂಡಿದೆ. ಎಲ್ಲಕ್ಕಿಂತ ಹೆಚ್ಚು ಗೊಂದಲ ಮಾಡುವುದು ಇಲ್ಲೈ. ಕನ್ನಡದ "ಇಲ್ಲ", "ಅಲ್ಲ" ಎರಡರ ಕೆಲಸವನ್ನೂ ಆಡುಮಾತಿನ ತಮಿಳಿನಲ್ಲಿ ಅದೊಂದೇ ಮಾಡುತ್ತದೆ. ಆಸ್ಪತ್ರೆಯಲ್ಲಿ ಯಾರನ್ನೋ ತೋರಿಸಿ "ಅವರ್ ಡಾಕ್ಟರ್ ಇಲ್ಲೈ" ಎಂದರೆ ಡಾಕ್ಟರು ಇನ್ನೂ ಬಂದಿಲ್ಲ ಎಂದಲ್ಲ, ಎದುರಿಗಿರುವವರು ಡಾಕ್ಟರ್ ಅಲ್ಲ ಎಂದು.